ಹೆಂಡತಿಯ ಟ್ರಾಲಿ ಸವಾರಿ

ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಇನ್‌ಸ್ಪೆಕ್ಟರನಾಗಿದ್ದ ನನಗೆ ಮೂವತ್ತು ವರ್ಷ ಟ್ರಾಲಿಯೇ ವಾಹನ. ನಾಲ್ಕು ಚಕ್ರ, ಮೇಲೊಂದು ಬೆಂಚು. ನಾನು ಕೂರುವುದು, ಇಬ್ಬರು ಹಿಂದಿನಿಂದ ಓಡುತ್ತ ದೂಡುವುದು. ಮದುವೆಯ ಹೊಸತರಲ್ಲಿ ಹೆಂಡತಿ, “ನನ್ನನ್ನೂ ಒಮ್ಮೆ ಕೂರಿಸಿಕೊಂಡು ಹೋಗ್ತೀರಾ?” ಎಂದು ಕೇಳಿದಳು. ಮನೆಯವರನ್ನು ಹತ್ತಿಸುವಂತಿಲ್ಲ ಎಂದೆ. ಮತ್ತೆ ಮತ್ತೆ ಕೇಳಿದಳು, ಪ್ರತಿಸಲ ಅದೇ ಉತ್ತರ. ಕೊನೆಗೆ ಕೇಳುವುದನ್ನೇ ಬಿಟ್ಟಳು. ಆಸೆಯೂ ಬಿಟ್ಟುಹೋಯಿತು ಎಂದುಕೊಂಡೆ. ಗಂಡಂದಿರ ಬುದ್ಧಿ ಓಡುವುದು ಅಷ್ಟೇ ದೂರ.

ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಕಲ್ಲಡ್ಕದ ಹತ್ತಿರದ ಶಾಲೆಯೊಂದು ಗುಜರಿಗೆ ಹೊರಟಿದ್ದ ಹಳೆಯ ಹಳಿಯನ್ನು ತಂದು, ಮೈದಾನದ ಅಂಚಿನಲ್ಲಿ ಎಂಬತ್ತು ಮೀಟರ್ ಉದ್ದಕ್ಕೆ ಹಾಸಿತು. ಒಂದು ಟ್ರಾಲಿಯೂ ಸಿಕ್ಕಿತು. ನಿವೃತ್ತಿಯ ನಂತರ ಅದರ ಉಸ್ತುವಾರಿ ನನ್ನದು. ಹಳಿಯ ಅಡಿಯ ಮರದ ಸ್ಲೀಪರುಗಳಿಗೆ ಗೆದ್ದಲು ಹತ್ತದಂತೆ ನೋಡುತ್ತೇನೆ, ಚಕ್ರಕ್ಕೆ ಗ್ರೀಸ್ ಹಚ್ಚುತ್ತೇನೆ, ಭಾನುವಾರ ಶಾಲೆಯ ವಾಚ್‌ಮನ್ ಜೊತೆ ಸೇರಿ ಮಕ್ಕಳನ್ನು ಸುತ್ತಾಡಿಸುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಅಲ್ಲಿಗೂ ನಿಯಮ ಬರೆದು ಬೋರ್ಡು ಹಾಕಿದ್ದೇನೆ.

ಮೊನ್ನೆ ಒಂದು ಭಾನುವಾರ ಮಕ್ಕಳ ಸಾಲಿನ ಕೊನೆಯಲ್ಲಿ ಹೆಂಡತಿ ನಿಂತಿದ್ದಳು. ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ.

“ಇದೆಂತ ಮಾರಾಯ್ತಿ, ಯಾರ ಮದುವೆ?”

“ಮದುವೆ ಅಲ್ಲ, ಟ್ರಾಲಿಗೆ ಬಂದದ್ದು. ಈಗ ನೀವು ಯಾರ ಪರ್ಮಿಶನ್ ಕೇಳ್ಲಿಕ್ಕೆ ಉಂಟು?”

ಯಾರದ್ದೂ ಇರಲಿಲ್ಲ. ಹತ್ತಿಸಿದೆ. ಆದರೆ ಅವಳೆದುರು ಸುಮ್ಮನಿರಲಾರದ ಗತ್ತೊಂದು ನನ್ನ ಮೈಮೇಲೆ ಬಂತು. ರೈಲ್ವೆಯ ನಿಯಮದಂತೆ ಟ್ರಾಲಿ ಹೊರಟರೆ ಮುಂದೆ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಿಲ್ಲಬೇಕು, ಎದುರಿನಿಂದ ರೈಲು ಬಂದೀತೆಂದು. ಮಕ್ಕಳ ಸವಾರಿಗೆ ಇದೆಲ್ಲ ಇರಲಿಲ್ಲ. ಅಂದು ಮಾತ್ರ ವಾಚ್‌ಮನ್ ಕೈಗೆ ಬಾವುಟ ಕೊಟ್ಟು, ಸರ್ವಿಸಿನಲ್ಲಿದ್ದಾಗ ಎಷ್ಟು ದೂರ ನಿಲ್ಲಿಸುತ್ತಿದ್ದೆನೋ ಅಷ್ಟೇ ದೂರ ಹೋಗಲು ಹೇಳಿದೆ. ಆತ ವಿಧೇಯ ಮನುಷ್ಯ. ಹಳಿ ಮುಗಿದರೂ ನಡೆದ, ಗೇಟು ದಾಟಿದ, ರಸ್ತೆಯ ಮಧ್ಯೆ ನಿಂತು ಬಾವುಟ ಎತ್ತಿದ. ಪುತ್ತೂರಿಗೆ ಹೊರಟಿದ್ದ ಬಸ್ಸು ಕೀರೆಂದು ನಿಂತಿತು.

“ಎಂತ ಆಯ್ತು? ಯಾರಾದ್ರೂ ಬಿದ್ರಾ?” ಕಂಡಕ್ಟರ್ ಗಾಬರಿಯಾಗಿ ಕೂಗಿದ.

“ಬೀಳ್ಲಿಲ್ಲ. ನಮ್ಮ ಸರ್ ಅವರ ಹೆಂಡತಿ ಟ್ರಾಲಿಯಲ್ಲಿ ಬರ್ತಾ ಇದ್ದಾರೆ.”

ಬಸ್ಸಿಗೆ ಬಸ್ಸೇ ಇಳಿದು ಶಾಲೆಯ ಕಂಪೌಂಡಿಗೆ ಆತುಕೊಂಡಿತು. ದೂಡಲು ಬೇರೆ ಯಾರಿದ್ದರು? ಅಷ್ಟೂ ಜನರ ಎದುರು ನಾನೊಬ್ಬನೇ ಬೆವರು ಸುರಿಸುತ್ತ ದೂಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಮಾತ್ರ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು.

“ಮದುವೆ ದಿನ ಕೂಡ ಇಷ್ಟು ಜನ ನನ್ನನ್ನು ನೋಡ್ಲಿಲ್ಲ,” ಎಂದಳು.

ಹಳಿ ಮುಗಿಯಿತು. ಏದುಸಿರು ಬಿಡುತ್ತ ಅವಳ ಮುಖ ನೋಡಿದೆ. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಕಂಡದ್ದೇ ಕಡಿಮೆ. ನನಗೆ ನಾಚಿಕೆಯಾಯಿತು. ಅದನ್ನು ಹೇಳುವ ಬದಲು, “ಆಯ್ತಲ್ಲ, ಇಳಿ,” ಎಂದೆ.

ಅವಳು ಬೆಂಚನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

“ನೀವು ಮೂವತ್ತು ವರ್ಷ ಕೂತಿರಿ. ನಾನು ಈಗ ಕೂತದ್ದಷ್ಟೆ. ವಾಪಸ್ ದೂಡಿ.”