ಚಂದ್ರಲೋಕದ ಅಂಗಿ ಹೊಲಿದ ಅಮೃತಮ್ಮ

ಸುರಪುರದಿಂದ ಬೋನಾಳ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿ ಅಮೃತಮ್ಮ ಜಂಪರ್ ಹೊಲಿಯುತ್ತಾಳೆ. ಊರ ಹೆಂಗಸರ ಮೈ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಯಾರು ಸೊರಗಿದರು, ಯಾರಿಗೆ ತಿಂಗಳು ತುಂಬುತ್ತಿದೆ ಎಂಬುದು ಮೊದಲು ಅವಳ ಟೇಪಿಗೆ ಗೊತ್ತಾಗುತ್ತದೆ, ಆಮೇಲೆ ಮನೆಯ ಅತ್ತೆಗೆ. ಅವಳು ಹೊಲಿದ ಜಂಪರಿಗೆ ಗುಂಡಿ, ಕಾಜ ಎಲ್ಲವೂ ಸರಿಯಾಗಿರುತ್ತವೆ. ಅವಳ ಬಾಯಿಗೆ ಮಾತ್ರ ದೇವರು ಎರಡನ್ನೂ ಹಚ್ಚಲಿಲ್ಲ.

ಅವಳ ಕಸುಬಿಗೆ ಒಂದೇ ಶಾಸ್ತ್ರ. ಕಲಿಯಲು ಬಂದ ಹುಡುಗಿಯರಿಗೆ ಮೊದಲ ದಿನವೇ ಅದನ್ನು ಹೇಳುತ್ತಾಳೆ: "ಮನುಷ್ಯಾ ಅಂದ್ರ ತೂತಿನ ಚೀಲ. ಎಲ್ಲಿ ತೂತು ಬಿಡಬೇಕು ಅಂತ ತಿಳಿದಾಕಿನೇ ದರ್ಜಿ. ಉಳಿದವ್ರು ಬರೇ ದಾರ ಹಾಳ ಮಾಡೋರು."

ಆರನೇ ಇಯತ್ತೆಗೆ ಅವಳ ಓದು ನಿಂತಿತ್ತು. ಯಾಕೆ ಬಿಟ್ಟೆ ಎಂದರೆ "ಲೆಕ್ಕ ತಲಿಗಿ ಹತ್ತಲಿಲ್ಲ" ಅನ್ನುತ್ತಿದ್ದಳು. ಜಂಪರಿನ ಕತ್ತರಿ ಲೆಕ್ಕವನ್ನು ನಿಂತಲ್ಲೇ ಮಾಡುವವಳು ಹಾಗೆಂದರೆ ಯಾರು ನಂಬಬೇಕು? ಆದರೂ ಯಾರೂ ಕೆದಕಿ ಕೇಳಿರಲಿಲ್ಲ.

ಇಂಥವಳ ಮನೆಗೆ ಒಂದು ಆಗಸ್ಟಿನಲ್ಲಿ ಭುವನೇಶ್ವರಿ ಟೀಚರ್ ಬಂದಳು. ಶಹಾಪುರದಿಂದ ದಿನಾ ಬಸ್ಸಿಗೆ ಬರುವ ಹುಡುಗಿ, ಊರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ನಮ್ಮ ನೌಕೆ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದ ದಿನವನ್ನು ಶಾಲೆಯಲ್ಲಿ ಆಚರಿಸುವುದಿತ್ತು. ನಾಲ್ಕನೆಯ ಇಯತ್ತೆಯ ಉಮಾ ರಟ್ಟಿನ ನೌಕೆಯಿಂದ ಇಳಿದು, ಬೂದಿ ಹರವಿದ ಚಂದ್ರನ ಮೇಲೆ ನಡೆಯಬೇಕು. ಅವಳಿಗೆ ಗಗನಯಾತ್ರಿಯ ಅಂಗಿ ಬೇಕು.

"ಜಂಪರ್ ಹೊಲಿಯಾಕಿ ನಾನು," ಅಂದಳು ಅಮೃತಮ್ಮ. "ಚಂದ್ರನ ಮ್ಯಾಲ ಯಾರವ್ವ ಜಂಪರ್ ತೊಟ್ಟು ಹೋಗ್ತಾರ?"

"ಮೊದಲ ಸಲ ಅಲ್ಲಿ ಇಳದವ್ರ ಅಂಗಿ ಯಾರು ಹೊಲಿದ್ರು ಗೊತ್ತೇನ್ರಿ? ಅಮೆರಿಕಾದಾಗ ಹೆಣ್ಮಕ್ಕಳ ಒಳ ಅಂಗಿ ಹೊಲಿಯೋ ಕಾರ್ಖಾನಿ ಇತ್ತು. ಅಲ್ಲಿ ಹೆಣ್ಮಕ್ಕಳೇ ಮಷಿನ್ ಮ್ಯಾಲ ಕುಂತು, ಪದರಿಗೆ ಪದರು ಹಚ್ಚಿ ಹೊಲಿದ್ರು."

ಅಮೃತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂದ್ರ ಬಾಡಿ ಹೊಲಿಯಾಕಿ ಕೈಯಾಗ ಗಂಡಸರ ಜೀವ! ತಾ ಇಲ್ಲಿ, ಹೊಲಿತೀನಿ."

ಹೊಲಿದಳು, ಕೌದಿ ಹೊಲಿದ ಹಾಗೆ. ಒಳಗೆ ಹಳೆಯ ಧೋತರದ ಪದರುಗಳು, ಮೇಲೆ ಒಳಮೈ ಹೊರಗೆ ಬರುವಂತೆ ತಿರುವಿದ ಬಿಳಿ ಗೊಬ್ಬರದ ಚೀಲ. ನೀರಿನ ಕ್ಯಾನು ಕತ್ತರಿಸಿ ತಲೆಗೆ ಟೋಪಿ. ಟೀಚರ್ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಚಂದ್ರನ ಮೇಲೆ ಗಾಳಿಯಿಲ್ಲ. ಬಿಸಿಲಿಗೆ ನಿಂತರೆ ನೀರು ಕುದಿಯುವಷ್ಟು ಸೆಕೆ, ರಾತ್ರಿಗೆ ಎಲುಬು ಒಡೆಯುವ ಥಂಡಿ. ಅಂಗಿಯಲ್ಲಿ ಒಂದು ತೂತು ಬಿದ್ದರೂ ಒಳಗಿನ ಗಾಳಿ ಸೋರಿ ಜೀವ ಹೋದೀತು. ಹೋದವರು ಅಲ್ಲಿ ಧ್ವಜ ಬಿಟ್ಟು ಬಂದಿದ್ದಾರೆ, ಯಂತ್ರ ಬಿಟ್ಟು ಬಂದಿದ್ದಾರೆ, ತಮ್ಮ ಮಲಮೂತ್ರವನ್ನು ಚೀಲದಲ್ಲಿ ಕಟ್ಟಿ ಅದನ್ನೂ ಅಲ್ಲೇ ಬಿಟ್ಟು ಬಂದಿದ್ದಾರೆ.

"ಥೂ! ನಮ್ಮೂರ ಗಂಡಸರು ಕೆರಿ ದಂಡಿಗಿ ಮಾಡೋದು ಸಾಲದಂತ ಚಂದ್ರನ ತನಕ ಮುಟ್ಟ್ಯಾರೇನು?" ಅಂದಳು ಅಮೃತಮ್ಮ.

ಇಷ್ಟೆಲ್ಲ ಕೇಳಿಯೂ ಅವಳಿಗೆ ಹೊಳೆಯಲಿಲ್ಲ ನೋಡಿ. ಒಂದೂ ತೂತು ಇರಬಾರದು ಎಂಬ ಮಾತೊಂದೇ ತಲೆಯಲ್ಲಿ ಕೂತಿತ್ತು. ಜಿಪ್ಪು ಬೇಡ, ಗುಂಡಿ ಬೇಡ ಅಂದಳು. ಅವಸರದಲ್ಲಿ ಮದುಮಗಳ ಜಂಪರನ್ನು ಮೈಮೇಲೇ ಹೊಲಿದು ಬಿಗಿ ಮಾಡುತ್ತಾರಲ್ಲ, ಹಾಗೆ ಕಾರ್ಯಕ್ರಮದ ಬೆಳಗ್ಗೆ ಉಮಾಳನ್ನು ಅಂಗಿಯೊಳಗೆ ನಿಲ್ಲಿಸಿ, ಕುತ್ತಿಗೆಯಿಂದ ಕೆಳತನಕ ಬೆನ್ನನ್ನು ಹೊಲಿದುಬಿಟ್ಟಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಶಾಲೆಗೆ ಇದ್ದದ್ದು ಒಂದೇ ಪಾಯಖಾನೆ. ಹೆಡ್ ಮಾಸ್ತರ್ ಅಯ್ಯಣ್ಣ ಅದನ್ನು ಹಿಂದಿನ ದಿನವೇ ತಿಕ್ಕಿ ತೊಳೆಸಿ, ಫಿನಾಯಿಲ್ ಹಾಕಿಸಿ, ಅತಿಥಿಗಳಿಗೆಂದು ಬೀಗ ಜಡಿದಿದ್ದರು. ಕೀಲಿಕೈ ಅವರ ಜೇಬಿನಲ್ಲಿ. ಮಕ್ಕಳು ಹೋಗುವ ಜಾಲಿಗಿಡಗಳ ಹಿಂದೆ ಅಂದು ಅಡುಗೆಯವರು ಒಲೆ ಹೂಡಿದ್ದರು, ಶಾಮಿಯಾನದವರು ಬೀಡಿ ಸೇದುತ್ತ ಕೂತಿದ್ದರು. ಅತಿಥಿಯಾಗಿ ಕರೆದಿದ್ದ ಶಿಕ್ಷಣ ಇಲಾಖೆಯ ಸಾಹೇಬರು ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ಅವರ ಭಾಷಣ ಚಂದ್ರನಿಂದ ಹೊರಟು ಅವರದೇ ಬಾಲ್ಯದಲ್ಲಿ ಇಳಿಯಿತು, ಮೇಲೇಳಲಿಲ್ಲ.

ವೇದಿಕೆಯ ಮಗ್ಗುಲಲ್ಲಿ ರಟ್ಟಿನ ನೌಕೆ. ಒಳಗೆ ಉಮಾ, ಅವಳ ಹಿಂದೆ ಸೂಜಿ ಹಿಡಿದು ಕುಕ್ಕುರುಗಾಲಲ್ಲಿ ಅಮೃತಮ್ಮ.

"ಆಯೀ," ಎಂದು ಅಜ್ಜಿಯನ್ನು ಕರೆಯುವ ಹಾಗೆ ಕ್ಯಾನಿನೊಳಗಿಂದ ಸಣ್ಣ ದನಿ ಬಂತು.

"ಏನ?"

"ಉಚ್ಚಿ ಬಂದಾವ."

"ಒಂದೀಟು ತಡಿ."

"ಆಗಲೇ ತಡದೀನಿ, ಆಯಿ. ಇನ್ನ ಆಗಂಗಿಲ್ಲ."

ಅಮೃತಮ್ಮ ತಾನೇ ಹಾಕಿದ ಹೊಲಿಗೆಯನ್ನು ನೋಡಿದಳು. ಈ ಮಾತನ್ನು ಅವಳು ಮೊದಲೂ ಕೇಳಿದ್ದಳು, ತನ್ನದೇ ಬಾಯಿಂದ. ಆರನೇ ಇಯತ್ತೆಯಲ್ಲಿ ಬೆಳಗಿನಿಂದ ತಡೆದು, ತಡೆದು, ಲೆಕ್ಕದ ಪಾಠದ ನಡುವೆ ಕೂತಲ್ಲೇ ಆಗಿಹೋಗಿತ್ತು. ಮಾಸ್ತರು ಮೂಗು ಮುಚ್ಚಿದ್ದರು. ಮಾರನೆಯ ದಿನದಿಂದ ಊರ ಹುಡುಗರು ಅವಳನ್ನು ಕಂಡಲ್ಲೆಲ್ಲ "ಕೆರಿ ಒಡಿತು!" ಎಂದು ಕೂಗಿದರು. ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಸೋದರತ್ತೆಯ ಹೊಲಿಗೆ ಮಷಿನ್ನಿನ ಮುಂದೆ ಹೋಗಿ ಕೂತಳು. ಆ ನಾಚಿಕೆ ಇಷ್ಟು ವರ್ಷವಾದರೂ ಒಣಗಿರಲಿಲ್ಲ. ಈಗ ಅದನ್ನೇ ತನ್ನ ಕೈಯಾರೆ ಇನ್ನೊಂದು ಕೂಸಿಗೆ ಹೊಲಿದು ತೊಡಿಸಿದ್ದೇನೆ ಎನ್ನಿಸಿ ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಕತ್ತರಿ ಹಾಕಿದಳು. ರಾತ್ರಿಯೆಲ್ಲ ಕೂತು ಹೊಲಿದ ಪದರುಗಳು ಟರ್ರನೆ ಬಿಚ್ಚಿಕೊಂಡವು. ಉಮಾಳನ್ನು ಪಾಯಖಾನೆಯ ಬಾಗಿಲಿಗೆ ಓಡಿಸಿ, ತಾನು ನೆಟ್ಟಗೆ ವೇದಿಕೆ ಹತ್ತಿದಳು.

"ಮಾಸ್ತರ್ರ, ಸಂಡಾಸದ ಕೀಲಿಕೈ ಕೊಡ್ರಿ."

ಅಯ್ಯಣ್ಣ ಮಾಸ್ತರ್ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದರು. "ಈಗ ಬ್ಯಾಡಮ್ಮ. ಸಾಹೇಬ್ರು ಮಾತಾಡಾಕತ್ತಾರ."

"ಸಾಹೇಬ್ರ ಮಾತು ನಿಂದರ್ತಾವ್ರಿ. ಕೂಸಿಂದು ನಿಂದ್ರಂಗಿಲ್ಲ."

ಮೈಕು ಹತ್ತಿರವೇ ಇತ್ತು. ಮಾತು ಶಾಮಿಯಾನ ದಾಟಿ, ಅಡುಗೆಯ ಒಲೆ ದಾಟಿ ಊರಿಗೆಲ್ಲ ಕೇಳಿಸಿತು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಸಾಹೇಬರ ಬಾಲ್ಯ ಅರ್ಧಕ್ಕೇ ನಿಂತಿತು. ಮಾಸ್ತರ್ ಜೇಬಿಗೆ ಕೈ ಹಾಕಿದರು.

ಉಮಾ ಅವಳ ಕೈಹಿಡಿದು ನೌಕೆಗೆ ಮರಳಿದಾಗ ಮುಖ ಹುಣ್ಣಿಮೆಯಾಗಿತ್ತು. ಮತ್ತೆ ಹೊಲಿಯಲು ಹೊತ್ತಿರಲಿಲ್ಲ, ಅಮೃತಮ್ಮ ತನ್ನ ಬಳೆಯಲ್ಲಿದ್ದ ಪಿನ್ನು ತೆಗೆದು ಅಂಗಿಯ ಹಿಂಭಾಗ ಕೂಡಿಸಿದಳು. ಅಷ್ಟು ದಪ್ಪ ಪದರಿಗೆ ಒಂದು ಪಿನ್ನು ಯಾತಕ್ಕೆ ಸಾಕು? ಹುಡುಗಿ ಹಿಂದೆ ಕೈಯಿಂದ ಅಂಗಿ ಹಿಡಿದುಕೊಂಡೇ ಚಂದ್ರನ ಮೇಲೆ ಇಳಿದಳು. ಬಿಟ್ಟರೆ ಬಿಚ್ಚೀತು ಎಂಬ ಭಯಕ್ಕೆ ಒಂದೊಂದೇ ಹೆಜ್ಜೆ ತೇಲಿಸಿ ತೇಲಿಸಿ ಇಟ್ಟಳು. ಚಂದ್ರನ ಮೇಲೆ ನಡೆಯುವುದು ಹಾಗೇ ಅಂತೆ ಎಂದು ಜನ ಚಪ್ಪಾಳೆ ತಟ್ಟಿದರು.

"ಇಲ್ಲಿ ನನ್ನ ತೂಕ ಆರರಾಗ ಒಂದು ಪಾಲು!" ಎಂದು ಉಮಾ ಕೂಗಿದಳು.

ಸಾಹೇಬರು ಬಗ್ಗಿ ಕೇಳಿದರು. "ಹಿಂದೆ ಯಾಕಮ್ಮ ಕೈ?"

"ಗಾಳಿ ಸೋರಾಕತ್ತದ್ರಿ ಸರ್. ಕೈ ಬಿಟ್ರ ಸಾಯ್ತೀನಿ."

ಸಾಹೇಬರು ತಲೆದೂಗಿ, ವಿಜ್ಞಾನ ಬಹಳ ಚೆನ್ನಾಗಿ ಕಲಿಸಿದ್ದೀರಿ ಎಂದು ಅಯ್ಯಣ್ಣ ಮಾಸ್ತರ ಬೆನ್ನು ತಟ್ಟಿದರು. ಭುವನೇಶ್ವರಿ ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಂಜೆ ಮಾಸ್ತರ್ ಅಮೃತಮ್ಮನ ಮನೆಬಾಗಿಲಿಗೆ ಬಂದರು. ಪಾಯಖಾನೆಯ ಬಾಗಿಲಲ್ಲಿ ಬೀಗವೂ ಇರಲಿಲ್ಲ, ಕೀಲಿಕೈಯೂ ಇರಲಿಲ್ಲ.

"ಎಲ್ಲಿಟ್ಟೀಯಮ್ಮ?"

"ಚಂದ್ರನ ಮ್ಯಾಲ ಬಿಟ್ಟು ಬಂದೀನ್ರಿ," ಅಂದಳು ಅಮೃತಮ್ಮ, ಮಷಿನ್ನು ತುಳಿಯುತ್ತಲೇ. "ಹೋದವ್ರು ಏನೇನೋ ಬಿಟ್ಟು ಬಂದಾರಂತ. ನಂದು ಒಂದು ಕೀಲಿ ಅಲ್ಲೇ ಇರ್ಲಿ ಬಿಡ್ರಿ. ಬೇಕಾದ್ರ ಯಾರನ್ನಾರ ಕಳಸ್ರಿ."

ಬೀಗ ಅವಳ ಗುಂಡಿ ಡಬ್ಬಿಯ ತಳದಲ್ಲಿತ್ತು. ಮಾಸ್ತರ್ ಹೊಸ ಬೀಗ ತರಬಹುದಿತ್ತು. ಆದರೆ ಅವರ ಹೆಂಡತಿಯ ಜಂಪರೂ ಅಮೃತಮ್ಮನ ಕೈಯಲ್ಲೇ ಆಗಬೇಕು. ತರಲಿಲ್ಲ.

ಈಗ ಮಧ್ಯಾಹ್ನದ ಗಂಟೆ ಹೊಡೆದರೆ ಹುಡುಗಿಯರು ಆ ಬಾಗಿಲಿಗೆ ಓಡುತ್ತಾರೆ. ತಗಡಿನ ಬಾಗಿಲು ಬಡಿಯುವ ಸದ್ದು ಅಮೃತಮ್ಮನ ಮನೆಗೆ ಕೇಳಿಸುತ್ತದೆ. ಶಾಲೆ ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಅವಳು ಈಗ ಸುಳ್ಳು ಹೇಳುವುದಿಲ್ಲ.

"ಲೆಕ್ಕ ಬರ್ತಿತ್ತು," ಅನ್ನುತ್ತಾಳೆ. "ಹೋಗಾಕ ಜಾಗ ಇರಲಿಲ್ಲ."