ಉಸ್ತಾದರ ಕೆನ್ನೆಯ ಕೆಂಪು ಧೂಳು

ಉಸ್ತಾದರ ಎಡಗೆನ್ನೆಯ ಮೇಲೆ ಕಿವಿಯಿಂದ ಗಡ್ಡದವರೆಗೆ ಯಾವಾಗಲೂ ಒಂದು ಕೆಂಪು ಪಟ್ಟೆ ಇರುತ್ತಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಬಂದ ಲಾರಿಗಳ ಕೆಳಗೆ ಮಲಗಿ, ಗಾಳಿ ಪೈಪುಗಳಿಗೆ ಕಿವಿ ಹಚ್ಚಿ ಹಚ್ಚಿ ಅಂಟಿದ ಧೂಳು ಅದು. ನಮಗಾದರೆ ಅದು ಚೂರು ಮೂಗಿಗೆ ಹೋದರೂ ಸೀನಿ ಸೀನಿ ಸಾಕಾಗುತ್ತದೆ. ಅವರು ನಮಾಜಿಗೆ ಹೋಗುವಾಗ ಮುಖ ತೊಳೆದುಕೊಳ್ಳುತ್ತಿದ್ದರು; ಬಂದು ಒಂದು ಲಾರಿ ನೋಡುವುದರೊಳಗೆ ಪಟ್ಟೆ ಮತ್ತೆ ಮೂಡುತ್ತಿತ್ತು.

ರಾಣೆಬೆನ್ನೂರಿನಿಂದ ಹಲಗೇರಿ ಕಡೆ ಹೋಗುವ ರಸ್ತೆಯ ಬದಿಗೆ ಅವರ ಗ್ಯಾರೇಜು. ಗ್ಯಾರೇಜು ಎಂದರೆ ಒಂದಿಷ್ಟು ತಗಡು, ಒಂದು ಬೇವಿನ ಮರ, ಪಕ್ಕದಲ್ಲಿ ಡ್ರೈವರುಗಳೆಲ್ಲ ಅಕ್ಕ ಎಂದು ಕರೆಯುವ ಹೆಂಗಸಿನ ಚಹಾದಂಗಡಿ. ನಾನು ಗುತ್ತಲದವನು, ಲಾರಿ ಡ್ರೈವರ್. ಎಂಜಿನ್ ಬಿಚ್ಚುವವರು ಊರ ತುಂಬ ಇದ್ದಾರೆ. ಉಸ್ತಾದರದು ಗಾಳಿಯ ಕೆಲಸ. ದೊಡ್ಡ ಲಾರಿಯ ಬ್ರೇಕು ಹಿಡಿಯುವುದೇ ಗಾಳಿಯ ಬಲದಿಂದ. ಪೈಪುಗಳು ಕೂಡುವ ಕಡೆ ಎಲ್ಲಾದರೂ ಅದು ಸೋರಿತೋ, ಘಟ್ಟದಲ್ಲಿ ದೇವರೇ ಗತಿ.

ಅವರ ಪದ್ಧತಿಯೇ ಬೇರೆ. ಟ್ಯಾಂಕಿನ ತುಂಬ ಗಾಳಿ ತುಂಬಿಸಿ, ಗಾಲಿಗೆ ಕಲ್ಲು ಕೊಡಿಸಿ, ಎಂಜಿನ್ ಬಂದ್ ಮಾಡಿಸಿ ಕೈ ಮೇಲೆತ್ತುವರು. “ಎಲ್ಲಾರೂ ಸುಮ್ಮಕಿರ್ರಿ. ಈಗ ಗಾಳಿ ಮಾತಾಡತೈತಿ.” ಆಮೇಲೆ ಯಾರೂ ಉಸಿರೆತ್ತುವಂತಿಲ್ಲ. ಅಕ್ಕ ಒಲೆ ಸಣ್ಣ ಮಾಡುವಳು. ಬಾಯಿಗೆ ಬೀಗವಿಲ್ಲದ ನಾನೂ ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. ಆ ಮೌನ ಮುರಿಯುವ ಹಕ್ಕು ಅವರೊಬ್ಬರದೇ. ಸೋರಿಕೆ ಸಿಕ್ಕರೆ “ಸಿಕ್ಕ ನೋಡ್ ಕಳ್ಳ!” ಎನ್ನುವರು. ಎಲ್ಲ ಸರಿ ಇದ್ದರೆ ಹೊರಗೆ ಬಂದು, ಲಾರಿಯ ಬಾಗಿಲು ತಟ್ಟಿ, “ಬರೋಬರಿ ಐತಿ. ಹೊಂಡು.” ಆ ಮಾತು ಬೀಳುವವರೆಗೆ ಯಾವ ಡ್ರೈವರೂ ಸ್ಟೇರಿಂಗು ಮುಟ್ಟುತ್ತಿರಲಿಲ್ಲ.

ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಸೋರುವ ನಟ್ಟನ್ನು ನಾವೇ ಪಾನಾ ಹಾಕಿ ಬಿಗಿದು ಬಿಗಿದು ಒಳಗಿನ ಹಿತ್ತಾಳೆ ಉಂಗುರ ಹಾಳು ಮಾಡಿಕೊಂಡು ಬಂದರೆ ಮುಗಿಯಿತು. “ಸಿಟ್ಟೀಲೆ ಪಾನಾ ಹಿಡೀಬ್ಯಾಡ್ರೋ. ಜಗ್ಗಿ ಬಿಗಿಯಾಕ ಇದೇನ್ ಹೋರಿ ಹಗ್ಗೇನು?” ಇನ್ನು ಯಾರಾದರೂ ಸಾಬೂನು ನೀರು ಹಚ್ಚಿ, ಗುಳ್ಳೆ ಏಳುತ್ತದೋ ನೋಡೋಣ ಎಂದರೆ, “ಬಟ್ಟಿ ಒಗಿಯಾಕ ಬಂದೀಯೇನ್? ಹಳ್ಳ ಆ ಕಡೆ ಐತಿ” ಎಂದು ಕೈ ತೋರಿಸಿಬಿಡುವರು.

ಅಂಥ ಉಸ್ತಾದರಿಗೆ ಕಿವಿ ಮಂದವಾಗತೊಡಗಿತು. ಮೊದಲು ಗೊತ್ತಾದದ್ದು ಅಕ್ಕನಿಗೆ. “ಚಾ ಆಗೈತಿ ಅಂತ ಎಷ್ಟ್ ಒದರಿದ್ರೂ ತಿರಗಂಗಿಲ್ಲೋ ತಮ್ಮಾ,” ಎಂದು ನನ್ನ ಮುಂದೆ ಪಿಸುಗುಟ್ಟಿದಳು. ನಿಧಾನವಾಗಿ ಎಲ್ಲರಿಗೂ ತಿಳಿಯಿತು. ಆದರೂ ಅವರು ಕೈ ಎತ್ತಿದರೆ ಎಲ್ಲರೂ ಸುಮ್ಮನಾಗುತ್ತಿದ್ದೆವು. ಕೇಳದವರ ಸಲುವಾಗಿ ಕೇಳುವವರೆಲ್ಲ ಬಾಯಿ ಮುಚ್ಚಿ ನಿಲ್ಲುವುದು ನೋಡುವವರಿಗೆ ಹುಚ್ಚಾಟ ಅನಿಸಬಹುದು. ನಮಗೆ ಅನಿಸಲಿಲ್ಲ. ಸೋರುವ ಸದ್ದು ಯಾರ ಕಿವಿಗಾದರೂ ಬಿದ್ದರೆ, “ಹಿಂದಿನ ಗಾಲಿ ಕಡೆ ಒಮ್ಮೆ ನೋಡ್ರಿ ಉಸ್ತಾದ್ರ, ನಂಗ ಯಾಕೋ ಡೌಟ್ ಐತಿ” ಎಂದು ಸುಳ್ಳು ಡೌಟು ಹೇಳುತ್ತಿದ್ದೆವು. ಹಾಗೇ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಸರದಿ. ಬ್ಯಾಡಗಿಯ ಮಾಲು ತುಂಬಿತ್ತು, ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು. ಉಸ್ತಾದರು ಕೆಳಗೆ ಹೋದರು, ಬಂದರು, ಬಾಗಿಲು ತಟ್ಟಿದರು. “ಬರೋಬರಿ ಐತಿ. ಹೊಂಡು.”

ನನಗೆ ಸ್ಸ್ ಎನ್ನುವ ಸದ್ದು ಕೇಳುತ್ತಲೇ ಇತ್ತು; ಡೌಟು ಹೇಳಬೇಕು ಎನ್ನುವಷ್ಟರಲ್ಲೇ ಅವರು ಬಾಗಿಲು ತಟ್ಟಿಬಿಟ್ಟಿದ್ದರು. ಅಕ್ಕನಿಗೂ ಕೇಳಿತ್ತು, ನನ್ನ ಮುಖವನ್ನೇ ನೋಡುತ್ತಿದ್ದಳು. ಹೊಂಡು ಎಂದ ಮೇಲೆ ಡೌಟು ಹೇಳಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ. ನಾಲ್ಕು ಡ್ರೈವರುಗಳ ಎದುರು ಹೇಳಿದರೆ ಅವರ ಮಾನ ಹೋಗುತ್ತದೆ. ಹೇಳದಿದ್ದರೆ ನಾನು ಘಟ್ಟದಲ್ಲಿ ಹೋಗುತ್ತೇನೆ. ಅವರ ಕೈ ಹಿಡಿದು, “ಒಂದ್ ಮಾತೈತ್ರಿ” ಎಂದು ಲಾರಿಯ ಕೆಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಮಲಗಿದೆ. “ಉಸ್ತಾದ್ರ, ಇಲ್ಲಿ ಒಮ್ಮೆ ಗಲ್ಲ ಹಚ್ಚಿ ನೋಡ್ರಿ,” ಎಂದು ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

ಕೆನ್ನೆ ಹಚ್ಚಿದರು. ತಣ್ಣನೆಯ ಗಾಳಿ ತಾಗಿರಬೇಕು, ಕಣ್ಣು ಮುಚ್ಚಿಕೊಂಡರು.

“ಎಲ್ಲಾರಿಗೂ ಗೊತ್ತೈತೇನು?”

“ಹೌದ್ರಿ.”

“ಆದ್ರೂ ಸುಮ್ಮಕ ನಿಂದರತಿದ್ರಲ್ಲೋ, ಹುಚ್ಚರ,” ಎಂದರು. ಆಗ ನನಗೆ ಅಳು ತಡೆಯಲಾಗಲಿಲ್ಲ. ಮೆಣಸಿನಕಾಯಿ ಧೂಳು ಎಂದು ಕಣ್ಣೊರೆಸಿಕೊಂಡೆ.

ಅವರು ಟ್ಯಾಂಕಿನ ಗಾಳಿ ಬಿಟ್ಟು, ಪೈಪಿನ ತುದಿಯನ್ನು ಬ್ಲೇಡಿನಿಂದ ನೇರ ಕತ್ತರಿಸಿ, ಹೊಸ ಉಂಗುರ ಹಾಕಿ ನಟ್ಟು ಕೂಡಿಸಿದರು. ನಾನು ಮತ್ತೆ ಗಾಳಿ ತುಂಬಿಸಿದೆ. ಅವರು ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಅಕ್ಕನಿಗೆ ಕೂಗಿ ಹೇಳಿದರು: “ತಂಗೀ, ಒಂದ್ ಮಗ್ಗಿನಾಗ ಸಾಬೂನು ನೀರು ಮಾಡಿ ಕೊಡವಾ.”

ಅವರೇ ಬ್ರಶ್ಶಿನಿಂದ ಒಂದೊಂದು ಜೋಡಣೆಗೂ ನೊರೆ ಹಚ್ಚಿ, ಗುಳ್ಳೆ ಏಳುವುದೋ ಎಂದು ಕಾದು ನೋಡಿದರು. ಎಲ್ಲೂ ಏಳಲಿಲ್ಲ. ನಮ್ಮ ಕಡೆ ತಿರುಗಿ, “ಕಿವಿ ಹೋದ್ರ ಹೋಗ್ಲಿ, ಲಾರಿ ಹೋಗಬಾರ್ದು,” ಎಂದು ನಕ್ಕರು. ಆಮೇಲೆ ಮಗ್ಗು ಅವರ ಕೈ ಬಿಡಲಿಲ್ಲ. ನಾವು ಮಾತ್ರ ರೂಢಿಯಂತೆ ಸುಮ್ಮನೆ ನಿಲ್ಲುತ್ತಿದ್ದೆವು. ಅವರೂ ಬೇಡ ಎನ್ನಲಿಲ್ಲ.

ಹೋದ ವರ್ಷ ರಂಜಾನ್ ಮುಗಿದ ಮೇಲೆ ಉಸ್ತಾದರು ತೀರಿಕೊಂಡರು. ನಾನು ದೂರದ ಊರಲ್ಲಿ ಮಾಲು ಇಳಿಸುತ್ತಿದ್ದೆ, ಮಣ್ಣಿಗೆ ಬರಲಾಗಲಿಲ್ಲ. ವಾಪಸ್ಸು ಬರುವಾಗ ಗ್ಯಾರೇಜಿನ ಮುಂದೆ ಲಾರಿ ತಾನಾಗಿಯೇ ನಿಂತಂತಾಯಿತು. ಗಾಲಿಗೆ ಕಲ್ಲು ಕೊಟ್ಟೆ. ಎಂಜಿನ್ ಬಂದ್ ಮಾಡಿದೆ. ಬೇವಿನ ಮರದ ಕೆಳಗೆ ಕೂತಿದ್ದವರು ಎದ್ದು ನಿಂತರು. ಅಕ್ಕ ಒಲೆ ಸಣ್ಣ ಮಾಡಿದಳು.

ಲಾರಿಯಿಂದ ಒಂದು ಸದ್ದೂ ಇಲ್ಲ. ಎಲ್ಲ ಸರಿ ಇದೆ ಎಂದು ನಮಗೆಲ್ಲ ಗೊತ್ತು. ಆದರೆ ಆ ಮಾತು ಆಡುವವರು ಇರಲಿಲ್ಲ. ನಾನು ಎಷ್ಟು ಹೊತ್ತು ನಿಂತಿದ್ದೆನೋ.

ಕೊನೆಗೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಬಾಗಿಲು ತಟ್ಟಿದಳು.

“ಬರೋಬರಿ ಐತಿ ತಮ್ಮಾ. ಹೊಂಡು.”