ಲಾಲಪ್ಪ ಬರೆದ ಎರಡು ಪಾಠಯೋಜನೆಗಳು

ನಿವೃತ್ತ ಕನ್ನಡ ಶಿಕ್ಷಕರಾದ ಮಹಾದೇವಪ್ಪ ಮಾಸ್ತರರು ಲಾಲಪ್ಪನವರನ್ನು ಮೊದಲ ಸಲ ಕಂಡ ದಿನ ಲಾಲಪ್ಪ ನೆಲದ ಮೇಲಿರಲಿಲ್ಲ, ಕಂಬದ ತುದಿಯಲ್ಲಿದ್ದರು. ಐವತ್ತೆಂಟು ದಾಟಿದ ಮನುಷ್ಯ ಸೊಂಟಕ್ಕೆ ಪಟ್ಟಿ ಬಿಗಿದು, ಹಿಂದಕ್ಕೆ ವಾಲಿ, ಮನೆಯ ಕಟ್ಟೆಯ ಮೇಲೆ ಕುಳಿತಷ್ಟು ಆರಾಮವಾಗಿ ಕೆಳಗಿದ್ದ ಇಪ್ಪತ್ತನಾಲ್ಕು ಜನರಿಗೆ ತಂತಿ ಬಿಗಿಯುವುದನ್ನು ತೋರಿಸುತ್ತಿದ್ದರು.

"ಮಾಸ್ತರ್ರು ಬಂದಾರ, ಇಳಿಯೋ ಮಾರಾಯಾ!" ಎಂದು ಕೆಳಗಿನಿಂದ ಕೂಗಿದವರು ಉಗ್ರಾಣ ನೋಡಿಕೊಳ್ಳುವ ಮಸ್ತಾನಸಾಬರು. ಆಮೇಲೆ ಮಾಸ್ತರರ ಕಡೆಗೆ ತಿರುಗಿ, "ಮೂವತ್ತು ವರ್ಷ ಕಂಬ ಹತ್ಯಾನ್ರಿ ನಮ್ಮ ಲಾಲಪ್ಪ. ಈಗ ನೀವು ಕಾಗದ ಹತ್ತಸ್ತೀರೇನು?" ಎಂದು ನಕ್ಕರು.

ಅದು ಶಹಾಪುರದ ಹೊರಗೆ ಒಬ್ಬ ಖಾಸಗಿ ಗುತ್ತಿಗೆದಾರರು ನಡೆಸುತ್ತಿದ್ದ ತರಬೇತಿ ಕೇಂದ್ರ. ಅಂಗಳದಲ್ಲಿ ಆರು ಕಂಬಗಳು, ಅವುಗಳ ಮೇಲೆ ಮೂರು ತಂತಿ. ಆ ತಂತಿಗಳಲ್ಲಿ ಹುಟ್ಟಿದಾಗಿನಿಂದಲೂ ವಿದ್ಯುತ್ ಹರಿದಿರಲಿಲ್ಲ. ಕಂಬ ಹತ್ತುವ ಕೆಲಸಕ್ಕೆ ಸೇರುವವರು ಇಲ್ಲಿ ಇಪ್ಪತ್ತು ದಿನ ಕಲಿತು, ಪ್ರಮಾಣಪತ್ರ ಹಿಡಿದು, ಊರೂರ ಲೈನಿಗೆ ಹೋಗುತ್ತಿದ್ದರು. ತಪಾಸಣೆಗೆ ಬಂದವರು 'ನಿಮ್ಮ ಬೋಧಕರ ಪಾಠಯೋಜನೆ ಎಲ್ಲಿ?' ಎಂದು ಕೇಳಿದ್ದರಿಂದ, ಕೇಂದ್ರದ ಮುಖ್ಯಸ್ಥರಾದ ಸಂಗಮನಾಥ ಸಾಹೇಬರು ಎರಡು ದಿನದ ಮಟ್ಟಿಗೆ ಮಾಸ್ತರರನ್ನು ಕರೆಸಿದ್ದರು.

ಲಾಲಪ್ಪ ಸಗರದವರು. ಸರಕಾರಿ ಲೈನಿನಲ್ಲಿ ಕೆಲಸ ಮಾಡಿ, ಮೊಣಕಾಲು ಹಿಡಿದುಕೊಂಡು ದಿನವಿಡೀ ಹತ್ತುವುದು ಆಗದಾದ ಮೇಲೆ ಇಲ್ಲಿ ಬೋಧಕರಾಗಿದ್ದರು. ಕಲಿಸುವುದು ಬರುತ್ತಿತ್ತು; ಬರೆಯುವುದು ಬರುತ್ತಿರಲಿಲ್ಲ. ಮೊದಲ ದಿನ ಬಿಳಿಯ ಹಾಳೆಯ ಮುಂದೆ ಅರ್ಧ ತಾಸು ಕುಳಿತು, "ಏನ್ ಬರೀಲ್ರಿ ಮಾಸ್ತರ? ಹೆಂಗ ಹತ್ತೂದು ಅನ್ನೂದು ಕಾಲಿಗೆ ಗೊತ್ತದ, ಪೆನ್ನಿಗೆ ಗೊತ್ತಿಲ್ಲ" ಎಂದರು.

ಮಾಸ್ತರರು ಹಾಳೆಯ ನಡುವೆ ಒಂದು ಗೆರೆ ಎಳೆದರು. "ಎಡಕ್ಕ ನೀವು ಹೇಳೂದು ಬರೀರಿ. ಬಲಕ್ಕ ಅವರು ಮಾಡೂದು ಬರೀರಿ. ಪ್ರತಿಯೊಂದರ ಮುಂದ ಎಷ್ಟು ನಿಮಿಷ ಅಂತ ಹಾಕ್ರಿ. ಒಟ್ಟು ನಲವತ್ತು ನಿಮಿಷ ದಾಟಬಾರದು."

ಲಾಲಪ್ಪನಿಗೆ ಇದು ಹಿಡಿಸಿತು. ಕಂಬ ಹತ್ತುವ ಮೊದಲು ಮಾಡಬೇಕಾದ ಏಳು ಕೆಲಸಗಳನ್ನು ಒಂದರ ಕೆಳಗೆ ಒಂದು ಬರೆದರು. ಲೈನ್ ಬಂದ್ ಮಾಡಿಸುವುದು, ಸ್ವಿಚ್ ತೆರೆದಿದೆಯೆಂದು ಕಣ್ಣಿನಿಂದ ನೋಡುವುದು, ಶಿರಸ್ತ್ರಾಣ, ಕೈಗವಸು... ಐದನೆಯದು ಅರ್ಥಿಂಗ್ ರಾಡ್. ಅದೊಂದು ಉದ್ದನೆಯ ಕೋಲು. ಬುಡದ ತಾಮ್ರದ ಎಳೆಯನ್ನು ಮೊದಲು ನೆಲದಲ್ಲಿ ಊರಿ, ತುದಿಯ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಬೇಕು. ಬಂದಾದ ತಂತಿಗೆ ಎಲ್ಲಿಂದಾದರೂ ವಿದ್ಯುತ್ ನುಗ್ಗಿದರೆ ಅದು ಮನುಷ್ಯನನ್ನು ಹಿಡಿಯದೆ ನೆಲಕ್ಕೆ ಹೋಗುತ್ತದೆ.

ಲೆಕ್ಕ ಹಾಕಿದರೆ ಐವತ್ತೈದು ನಿಮಿಷವಾಯಿತು. ಉಗ್ರಾಣದಲ್ಲಿದ್ದ ರಾಡು ಎರಡೇ. ಇಪ್ಪತ್ತನಾಲ್ಕು ಜನ ಅವನ್ನು ಸಿಕ್ಕಿಸಿ ಬಿಚ್ಚುವಷ್ಟರಲ್ಲಿ ಹದಿನೈದು ನಿಮಿಷ ಹೋಗುತ್ತಿತ್ತು.

"ಈ ಲೈನಿನಾಗ ಕರೆಂಟ ಇಲ್ಲ. ಇದಕ್ಕ ರಾಡ್ ಹಾಕೂದಂದ್ರ ಹೆಣಕ್ಕ ಸೂಜಿ ಚುಚ್ಚಿದಂಗ" ಎಂದರು ಮಸ್ತಾನಸಾಬರು.

ಎಲ್ಲರೂ ನಕ್ಕರು. ಲಾಲಪ್ಪನೂ ನಕ್ಕು, ಐದನೆಯ ಕೆಲಸವನ್ನು ಬಲದಿಂದ ಎಡಕ್ಕೆ ಸರಿಸಿದರು. ಮರೆಯದಿರಲಿ ಎಂದು ಏಳನ್ನೂ ತಂಡದಿಂದ ರಾಗವಾಗಿ ಹೇಳಿಸುವುದೆಂದೂ ಬರೆದರು. ಈಗ ಸರಿಯಾಗಿ ನಲವತ್ತು ನಿಮಿಷ. ಮಾಸ್ತರರು ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಎರಡು ಒತ್ತಕ್ಷರ ತಿದ್ದಿ, ಕೆಳಗೆ 'ಉತ್ತಮ' ಎಂದು ಬರೆದು ಸಹಿ ಹಾಕಿದರು. ಅದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಸಂಗಮನಾಥ ಸಾಹೇಬರು ಟೈಪು ಮಾಡಿಸಿ ಯಾದಗಿರಿಯ ಹಾಗೂ ಸುರಪುರದ ಕೇಂದ್ರಗಳಿಗೂ ಮಾದರಿಯೆಂದು ಕಳುಹಿಸಿದರು.

ಅಂದಿನಿಂದ ಮೂರೂ ಊರುಗಳಲ್ಲಿ ಬೆಳಗಿನ ಹೊತ್ತು ಆ ರಾಗ ಕೇಳುತ್ತಿತ್ತು. "ಲೈನ್ ಬಂದ್! ಸ್ವಿಚ್ ನೋಡ್ದೆ! ಟೊಪಗಿ ಹಾಕ್ದೆ! ಕೈಗವಸು ಹಾಕ್ದೆ! ರಾಡ್ ಹಾಕ್ದೆ! ಪಟ್ಟಿ ಕಟ್ದೆ! ಪಟ್ಟಿ ಜಗ್ಗಿ ನೋಡ್ದೆ! ಹತ್ತೀನಿ!" ಏಳರಲ್ಲಿ ಆರನ್ನು ಕೈ ಮಾಡುತ್ತಿತ್ತು. ಒಂದನ್ನು ಬಾಯಿ ಮಾಡುತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಮುದನಾಳದ ತಿರುಪತಿ ಆ ತಂಡಗಳಲ್ಲಿ ಒಂದರಲ್ಲಿ ಕಲಿತವನು. ಮೂವತ್ತರ ಗಂಡಾಳು, ಮೊದಲು ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದನೆಂದು ಲಾಲಪ್ಪ ಅವನನ್ನೇ ಮುಂದೆ ನಿಲ್ಲಿಸಿ ಹೇಳಿಸುತ್ತಿದ್ದರು.

ಕಳೆದ ಆಷಾಢದ ಗಾಳಿಯಲ್ಲಿ ಕಕ್ಕೇರಾದ ಹೊಲದ ಕಡೆ ತಂತಿ ಹರಿದು ಬಿತ್ತು. ತಿರುಪತಿಯ ಗುಂಪು ಹೋಯಿತು. ಲೈನ್ ಬಂದ್ ಮಾಡಿಸಿದರು. ಅಷ್ಟರಲ್ಲಿ ಆ ಲೈನಿನ ಮೇಲಿದ್ದ ಒಂದು ಅಕ್ಕಿ ಗಿರಣಿಯಲ್ಲಿ, ವಿದ್ಯುತ್ ಹೋಯಿತೆಂದು ಯಾರೋ ಜನರೇಟರ್ ಹಚ್ಚಿದರು. ಗಿರಣಿಯನ್ನು ಲೈನಿನಿಂದ ಬೇರ್ಪಡಿಸುವ ಸ್ವಿಚ್ ತಿರುಗಿಸಲು ಮರೆತರು. ಗಿರಣಿಯ ವಿದ್ಯುತ್ ಹಿಂದಕ್ಕೆ ಹರಿದು ಬಂದಾದ ತಂತಿಗೆ ಜೀವ ಬಂತು. ತಿರುಪತಿ ಕಂಬದ ಬುಡದಲ್ಲಿ ನಿಂತು ಏಳನ್ನೂ ಗಟ್ಟಿಯಾಗಿ ಹೇಳಿದ. ಹತ್ತಿದ. ರಾಡು ಜೀಪಿನಲ್ಲಿ, ಅವನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ಜೀವ ಉಳಿಯಿತು. ಬಲಗೈ ಮೊಣಕೈಯ ಕೆಳಗೆ ಉಳಿಯಲಿಲ್ಲ.

ಲಾಲಪ್ಪ ಕಲಬುರಗಿಯ ದವಾಖಾನೆಗೆ ಹೋದರು. ಮೇಲೆ ತಿರುಗುತ್ತಿದ್ದ ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದು ಬಾಗಿತ್ತು. ಅದು ಅವರಿಗೆ ಚೆನ್ನಾಗಿ ನೆನಪಿದೆ.

"ಬರ್ರಿ ಸರ್" ಎಂದ ತಿರುಪತಿ. "ನಾ ಒಂದೂ ಬಿಟ್ಟಿಲ್ರಿ. ನೀವು ಹೇಳಿಸಿದಂಗ ಏಳೂ ಹೇಳೀನಿ. ಬೇಕಾದ್ರ ನಮ್ಮ ಮಂದೀನ ಕೇಳ್ರಿ."

"ರಾಡ್ ಹಾಕಿದ್ದೇನಪಾ?"

"ಹಾಕ್ದೆ ಅಂತ ಅಂದೆನಲ್ರಿ."

ಹೇಳಿದ ಮೇಲೆ ತಿರುಪತಿ ಬಟ್ಟೆ ಸುತ್ತಿದ ತೋಳಿನ ಕಡೆ ನೋಡಿದ. ಆಗ ಅವನ ಮುಖದಲ್ಲಿ ಏನೋ ತಿಳಿದಂತಾಯಿತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ರೇವತಿ ಲಾಲಪ್ಪನವರನ್ನು ನೋಡದೆ, "ಎಂಥ ಪಾಠ ಕಲಿಸೀರಿ ಸರ್? ಜ್ವರದಾಗೂ ಅದನ್ನ ಬಡಬಡಿಸ್ಯಾರ. ದೇವರ ಹೆಸರು ಬರ್ಲಿಲ್ಲ ಬಾಯಾಗ, ನಿಮ್ಮ ಪಾಠ ಬಂತು" ಎಂದಳು.

ಲಾಲಪ್ಪನಿಗೆ ಅಳು ಬರಲಿಲ್ಲ. ಎದೆ ಹೊಡೆದುಕೊಳ್ಳಲೂ ಇಲ್ಲ. ತಂದ ಮೋಸಂಬಿಯನ್ನು ಕಿಟಕಿಯಲ್ಲಿಟ್ಟು ಬಸ್ಸು ಹಿಡಿದು ಬಂದರು. ಚಳಿಯಲ್ಲಿ ಬೆರಳು ಮರಗಟ್ಟಿದಾಗ ತಂತಿ ಕೈಯಲ್ಲಿದ್ದರೂ ಇದ್ದಂತೆ ಅನ್ನಿಸುವುದಿಲ್ಲವಲ್ಲ, ಹಾಗಾಗಿತ್ತು. ಊಟ ಮಾಡುತ್ತಿದ್ದರು. ಮೂರನೆಯ ದಿನ ಹೆಂಡತಿ ದುರಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇವತ್ತ ಸಾರಿಗೆ ಉಪ್ಪ ಹಾಕಿಲ್ಲ. ಎರಡು ಸಲ ಹಾಕಿಸ್ಕೊಂಡು ಉಂಡೀರಿ. ನಾಲಿಗೀನೂ ಕಂಬದ ಮ್ಯಾಲೇ ಬಿಟ್ಟು ಬಂದೀರೇನು?" ಎಂದಳು. "ಹೌದೇನು" ಎಂದು ಕೈ ತೊಳೆದುಕೊಂಡರು.

ವಿಚಾರಣೆಯ ವರದಿ ಬಂತು: ಕೆಲಸಗಾರನ ಅಜಾಗರೂಕತೆ. ಸಂಗಮನಾಥ ಸಾಹೇಬರು ಅದನ್ನು ಓದಿ ಹೇಳಿ, "ನಮ್ಮ ಯೋಜನೆಯೊಳಗ ರಾಡ್ ಐತಿ, ಐದನೇದು. ಕಾಗದ ಬರೋಬ್ಬರಿ ಐತಿ ಲಾಲಪ್ಪ. ಚಿಂತಿ ಮಾಡಬ್ಯಾಡ್ರಿ" ಎಂದರು.

"ಐತ್ರಿ. ಎಡಕ್ಕ ಐತಿ."

"ಎಡಕ್ಕಿದ್ರೇನು, ಬಲಕ್ಕಿದ್ರೇನು! ಸೋಮವಾರ ಹೊಸ ತಂಡ ಕಂಬ ಹತ್ತಬೇಕು. ಗುರುವಾರ ಯಾದಗಿರಿಯೊಳಗ, ಮುಂದಿನ ವಾರ ಸುರಪುರದಾಗ. ಅದನ್ನ ನೋಡ್ರಿ."

ಲಾಲಪ್ಪ ಅದನ್ನೇ ನೋಡುತ್ತಿದ್ದರು. ಮೂರು ಊರು, ಎಪ್ಪತ್ತಕ್ಕೂ ಹೆಚ್ಚು ಜನ. ಎಲ್ಲರ ಬಾಯಿಗೂ ಅದೇ ರಾಗವನ್ನು ಆಗಲೇ ಕಲಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಹಾಳೆಯನ್ನು ಮಡಚಿಕೊಂಡು ಮಾಸ್ತರರ ಮನೆಗೆ ಹೋದರು. ಮಾಸ್ತರರು ಕನ್ನಡಕ ಹಾಕಿಕೊಂಡು ತಮ್ಮದೇ ಅಕ್ಷರದ 'ಉತ್ತಮ'ವನ್ನು ಬಹಳ ಹೊತ್ತು ನೋಡಿದರು.

"ನಾನು ಒತ್ತಕ್ಷರ ತಿದ್ದಿದೆ ಲಾಲಪ್ಪ" ಎಂದರು ಕೊನೆಗೆ. "ಇದನ್ನ ನೋಡಲೇ ಇಲ್ಲ."

"ನಿಮಗ ಕಂಬ ಗೊತ್ತಿರ್ಲಿಲ್ರಿ. ನನಗ ಗೊತ್ತಿತ್ತು."

"ಹೊಸಾದು ಬರಿಯೋಣ."

"ನಲವತ್ತು ನಿಮಿಷದಾಗ ಆಗೂದಿಲ್ರಿ."

"ಆಗಬೇಕಂತ ಯಾರು ಹೇಳಿದ್ರು? ನಾನೇ ಅಲ್ಲೇನು? ಈಗ ಬ್ಯಾಡ ಅಂತೀನಿ."

ಇಬ್ಬರೂ ಮಧ್ಯಾಹ್ನದವರೆಗೆ ಕುಳಿತರು. ಮಾಸ್ತರರು, ಕಲಿತವನು ಕೊನೆಗೆ ಒಬ್ಬನೇ ಏನು ಮಾಡಬಲ್ಲನೆಂಬುದನ್ನು ಮೊದಲು ಬರೆಯಿರಿ ಎಂದರು. ಅಲ್ಲಿಂದ ಹಿಂದಕ್ಕೆ ಬನ್ನಿ ಎಂದರು. 'ಯಾರೂ ನೋಡದಿದ್ದಾಗಲೂ, ರಾಡು ಹಾಕದೆ ಕಂಬದ ಮೇಲೆ ಕಾಲಿಡುವುದಿಲ್ಲ' ಎಂದು ಲಾಲಪ್ಪ ಮೊದಲ ಸಾಲು ಬರೆದರು. ಎಡಗಡೆಯ ಭಾಗ ಬಹುತೇಕ ಖಾಲಿ ಉಳಿಯಿತು. ರಾಡಿನ ಪಾಠಕ್ಕೆಂದೇ ಒಂದು ಇಡೀ ಮುಂಜಾನೆ. ಒಬ್ಬೊಬ್ಬನೇ ಬರಬೇಕು. ರಾಡು ಕೈಗೆ ಕೊಡಬಾರದು. ಅವನೇ ಹೋಗಿ ತರಬೇಕು. ಪಾಠ ಮುಗಿಯುವವರೆಗೆ ಬೋಧಕನೂ ಸೇರಿದಂತೆ ಯಾರೂ ಮಾತಾಡಕೂಡದು. ತಪ್ಪನ್ನು ಹೇಗೆ ತಿಳಿಸುವುದು? ಲಾಲಪ್ಪ ಪೇಟೆಗೆ ಹೋಗಿ, ಮನೆಯ ಬಾಗಿಲಿಗೆ ಹಾಕುವಂಥ ಬ್ಯಾಟರಿಯ ಗಂಟೆಯೊಂದನ್ನು ತಂದರು. ಅದರ ಗುಂಡಿಯನ್ನು ದೂರದಲ್ಲಿ ಕುಳಿತು ಒತ್ತಬಹುದಾಗಿತ್ತು.

ಸೋಮವಾರ ಗಂಟೆಯನ್ನು ಕಂಬಕ್ಕೆ ಕಟ್ಟಿದರು. ರಾಡುಗಳನ್ನು ಮೂವತ್ತು ಹೆಜ್ಜೆ ದೂರದ ಉಗ್ರಾಣದ ಗೋಡೆಗೆ ಒರಗಿಸಿದರು. "ಇವತ್ತು ಬಾಯಿ ಬಂದ್. ಕಂಬ ಹತ್ತೂಕ್ಕಿಂತ ಮೊದಲು ಏನೇನು ಮಾಡ್ಬೇಕೋ ಮಾಡ್ರಿ" ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಳಿತರು.

ಮೊದಲನೆಯವನು ಟೊಪ್ಪಿಗೆ ಹಾಕಿಕೊಂಡ, ಕೈಗವಸು ಹಾಕಿಕೊಂಡ, ಪಟ್ಟಿ ಕಟ್ಟಿಕೊಂಡ, ನೇರವಾಗಿ ಹೋಗಿ ಕಂಬದ ಮೇಲೆ ಕಾಲಿಟ್ಟ. ಗಂಟೆ ಬಾರಿಸಿತು. ಸುತ್ತಲಿದ್ದವರು ಕೇಕೆ ಹಾಕಿದರು. "ಮ್ಯಾಲ ಯಾರದಾರ ನೋಡೋ, ಬಾಗಿಲಾ ತಗೀತಾರ!" ಎಂದು ಯಾರೋ ಅಂದ. ಎರಡನೆಯವನೂ ಹಾಗೆಯೇ ಹೋದ. ಗಂಟೆ ಕೇಳಿದ್ದರೂ ಅದು ಏಕೆ ಬಾರಿಸಿತೆಂದು ತಿಳಿದಿರಲಿಲ್ಲ. ಲಾಲಪ್ಪ ನೋಡುತ್ತಿದ್ದುದು ಅವರ ತುಟಿಗಳನ್ನು. ದನಿ ಇರಲಿಲ್ಲ, ಆದರೆ ತುಟಿ ಅಲುಗುತ್ತಿದ್ದವು. 'ರಾಡ್ ಹಾಕ್ದೆ' ಎಂಬಲ್ಲಿಯೂ ಅಲುಗಿದವು. ಕಾಲು ಮಾತ್ರ ಉಗ್ರಾಣದ ಕಡೆಗೆ ತಿರುಗಲಿಲ್ಲ.

ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಜನರಿಗೆ ಗಂಟೆ ಬಾರಿಸಿತು. ಹೊತ್ತು ಏರಿದಂತೆ ನಗು ತಾನಾಗಿ ನಿಂತಿತ್ತು. ಮಸ್ತಾನಸಾಬರು ಉಗ್ರಾಣದ ಬಾಗಿಲಲ್ಲಿ ನಿಂತವರು, "ಯಾ ಅಲ್ಲಾ" ಎಂದು ಒಳಗೆ ಹೋದರು. ಲಾಲಪ್ಪ ಹಾಳೆಯ ಮೇಲೆ ೧೯ ಎಂದು ಬರೆದರು.

ಅಂದೇ ಅರ್ಜಿ ಬರೆದರು. ಯೋಜನೆಯಲ್ಲಿ ತಪ್ಪಿದೆ, ತಪ್ಪು ತನ್ನದು, ತಿರುಪತಿ ಕಲಿತದ್ದನ್ನು ಕಲಿತಂತೆಯೇ ಮಾಡಿದ್ದಾನೆ, ಮೂರೂ ಕಡೆ ಆ ಹಾಳೆಯನ್ನು ಹಿಂದಕ್ಕೆ ಪಡೆಯಬೇಕು. ಹತ್ತೊಂಬತ್ತರ ಲೆಕ್ಕವನ್ನೂ ಹೊಸ ಯೋಜನೆಯನ್ನೂ ಜೊತೆಗಿಟ್ಟರು.

ಸಂಗಮನಾಥ ಸಾಹೇಬರು ಕೆಟ್ಟವರೇನಲ್ಲ. ಓದಿ ತಲೆ ಹಿಡಿದುಕೊಂಡರು. "ಲಾಲಪ್ಪ, ಇದನ್ನ ಮ್ಯಾಲ ಕಳಿಸಿದ್ರ ನಿಮ್ಮನ್ನ ಇಟ್ಕೊಳ್ಳಂಗಿಲ್ಲ. ಸುಮ್ಮನ ಹೊಸಾದು ಕಲಸ್ರಿ, ನಾ ನೋಡಿಲ್ಲ ಅಂತೀನಿ."

"ಇಲ್ಲಿ ನಾ ಕಲಸ್ತೀನ್ರಿ. ಅಲ್ಲಿ ಎರಡೂ ಕಡಿ ಹಳೇದ ನಡದದಲ್ರಿ."

"ಮನಿ ಮುಂದ ಕುಂಡ್ರಬೇಕಾಗ್ತದ ನೋಡ್ರಿ."

"ಕುಂಡ್ರತೀನ್ರಿ" ಎಂದರು ಲಾಲಪ್ಪ. ಅದರಲ್ಲಿ ಧೈರ್ಯವೂ ಇರಲಿಲ್ಲ, ದುಃಖವೂ ಇರಲಿಲ್ಲ. ಯಾರೋ ಬಸ್ಸಿನ ಹೊತ್ತು ಕೇಳಿದ್ದಕ್ಕೆ ಉತ್ತರ ಹೇಳಿದಂತಿತ್ತು.

ಸಾಹೇಬರು ಅರ್ಜಿಯನ್ನು ಕಳುಹಿಸಿದರು. ಅಂದೇ ಉಳಿದೆರಡು ಕೇಂದ್ರಗಳಿಗೆ ಫೋನು ಮಾಡಿ ಕಂಬ ಹತ್ತುವ ಪಾಠವನ್ನು ಮುಂದಕ್ಕೆ ಹಾಕಿಸಿದರು. ಅಷ್ಟನ್ನು ಅವರ ಪಾಲಿಗೆ ಹೇಳಲೇಬೇಕು. ಮೂರು ವಾರದ ಮೇಲೆ ಗುತ್ತಿಗೆದಾರರ ಕಚೇರಿಯಿಂದ ಆದೇಶ ಬಂತು. ಹಳೆಯ ಯೋಜನೆ ರದ್ದು. ಬೋಧಕ ಲಾಲಪ್ಪನವರ ಸೇವೆ ಮುಂದುವರಿಯದು. ತಿರುಪತಿಯ ವರದಿಯಲ್ಲಿದ್ದ 'ಅಜಾಗರೂಕತೆ' ಮಾತ್ರ ಹೋಗಲಿಲ್ಲ. ಅದರ ಮರುವಿಚಾರಣೆಗೆ ಲಾಲಪ್ಪ ಎರಡು ಸಲ ಸಾಕ್ಷಿ ಹೇಳಿ ಬಂದಿದ್ದಾರೆ, ಇನ್ನೂ ನಡೆದಿದೆ.

ಹೊಸ ಯೋಜನೆ ಈಗ ಮೂರೂ ಕಡೆ ಇದೆ. ಟೈಪು ಮಾಡಿದ ಹಾಳೆ, ಕೆಳಗೆ ಯಾರ ಹೆಸರೂ ಇಲ್ಲ. ಆದರೆ ಹಾಳೆ ಇದ್ದ ಮಾತ್ರಕ್ಕೆ ಪಾಠ ಆಗುವುದಿಲ್ಲವೆಂದು ಲಾಲಪ್ಪನಿಗಿಂತ ಚೆನ್ನಾಗಿ ಬಲ್ಲವರಾರು? ಅದಕ್ಕೇ ಮೂರು ಕೇಂದ್ರಗಳಲ್ಲಿ ಎಲ್ಲಿಯೇ ಕಂಬ ಹತ್ತುವ ಪಾಠವಿರಲಿ, ಅಂದು ಸಗರದಿಂದ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಯಾರೂ ಕರೆಯುವುದಿಲ್ಲ, ಯಾರೂ ಬೇಡವೆನ್ನುವುದೂ ಇಲ್ಲ. ಉಪ್ಪು ಈಗ ತಿಳಿಯುತ್ತದೆಯೋ ಇಲ್ಲವೋ ಎಂದು ದುರಗಮ್ಮ ಕೇಳುವುದನ್ನು ಬಿಟ್ಟಿದ್ದಾಳೆ; ಬುತ್ತಿ ಕಟ್ಟಿಕೊಡುತ್ತಾಳೆ.

ಕಳೆದ ಬುಧವಾರ ಸುರಪುರಕ್ಕೆ ಹೋಗಿದ್ದರು. ಅಲ್ಲಿಯ ಬೋಧಕಿ ಸವಿತಾ, ಚುರುಕಿನ ಹೆಣ್ಣುಮಗಳು, ಕುರ್ಚಿ ಹಾಕಿಸಿದಳು. ಇಪ್ಪತ್ತಾರು ಜನರಲ್ಲಿ ನಾಲ್ವರು ರಾಡು ಹಾಕದೆ ಕಾಲಿಟ್ಟರು.

"ನಾಕೇ ಮಂದಿ ಸರ್! ಭಾಳ ಕಡಿಮಿ ಆತಲ್ರಿ" ಎಂದಳು ಸವಿತಾ ಸಂತೋಷದಿಂದ.

"ನಾಕ ಮಂದಿ ಅದಾರವ್ವಾ" ಎಂದರು ಲಾಲಪ್ಪ. "ಅವರ ಹೆಸರು ಹೇಳು."

ಅವಳು ಹೇಳಿದಳು, ಅವರು ಬರೆದುಕೊಂಡರು. ಆ ನಾಲ್ವರನ್ನು ಮಧ್ಯಾಹ್ನ ಮತ್ತೆ ಒಬ್ಬೊಬ್ಬರನ್ನಾಗಿ ಕರೆಸಿದರು. ಮೂವರಿಗೆ ಆಯಿತು. ನಾಲ್ಕನೆಯವನಿಗೆ ಆಗಲಿಲ್ಲ. ನಾಲ್ಕು ಗಂಟೆಯ ಬಸ್ಸು ಹೋಯಿತು. ಲಾಲಪ್ಪ ಕುರ್ಚಿಯನ್ನು ಬಿಸಿಲಿನಿಂದ ನೆರಳಿಗೆ ಎಳೆದುಕೊಂಡು, ಅವನನ್ನು ಮೊದಲಿನಿಂದ ಮಾಡೆಂದು ಕೈಸನ್ನೆ ಮಾಡಿದರು.